ಮಾತ್ರೆ ತೆಗೆದುಕೊಂಡ ಮೇಲೂ ಮನೆ ಕೆಲಸ ಹಾಗೇ ಉಳಿಯುತ್ತಿದೆ. ಎಡಿಎಚ್‌ಡಿ ಕೋಚ್ ಬೇಕೇ?

ಪ್ರಶ್ನೆ: ಡಾಕ್ಟರೇ, ನನಗೆ 37 ವರ್ಷ. ಊರು ದಾವಣಗೆರೆ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಎಂಟು ವರ್ಷದ ಮಗನಿಗೆ ಹೋದ ವರ್ಷ ಗಮನ ನಿಲ್ಲದ, ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿ ಇದೆ ಅಂತ ಗೊತ್ತಾಯಿತು. ಅವನ ಬಗ್ಗೆ ಡಾಕ್ಟರು ಕೇಳಿದ ಪ್ರಶ್ನೆಗಳೆಲ್ಲ ನನ್ನ ಚಿಕ್ಕಂದಿನ ಬಗ್ಗೆಯೇ ಕೇಳಿದ ಹಾಗಿತ್ತು. ನನ್ನನ್ನೂ ಪರೀಕ್ಷಿಸಿ ನನಗೂ ಇದೆ ಅಂದರು. ನಾಲ್ಕು ತಿಂಗಳಿಂದ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಗಿನ ಹೊತ್ತು ಆಫೀಸ್ ಕೆಲಸ ಚೆನ್ನಾಗಿ ಸಾಗುತ್ತಿದೆ. ಮನೆ ಮಾತ್ರ ಹಾಗೇ ಇದೆ. ಮಗನ ಸ್ಕೂಲ್ ಫೀಸಿಗೆ ಎರಡು ಸಲ ದಂಡ ಕಟ್ಟಿದೆ, ಇನ್ಶೂರೆನ್ಸ್ ಪಾಲಿಸಿ ಲ್ಯಾಪ್ಸ್ ಆಯಿತು, ವಾರದ ಕೆಲಸದ ಗಂಟೆಗಳ ಲೆಕ್ಕ ಕೊಡುವ ಶುಕ್ರವಾರದ ಟೈಮ್‌ಶೀಟ್ ಪ್ರತಿ ವಾರ ತಡ. ಒಗೆದ ಬಟ್ಟೆ ಮಡಚದೆ ಕುರ್ಚಿಯ ಮೇಲೆ ಗುಡ್ಡೆ ಬಿದ್ದಿರುತ್ತದೆ. ಆನ್‌ಲೈನ್‌ನಲ್ಲಿ ಎಡಿಎಚ್‌ಡಿ ಕೋಚ್ ಒಬ್ಬರು 12 ವಾರಕ್ಕೆ 48,000 ರೂಪಾಯಿ ಕೇಳುತ್ತಿದ್ದಾರೆ, ಪೂರ್ತಿ ಮುಂಗಡ. ಮುಗಿಯುವಷ್ಟರಲ್ಲಿ ಮಾತ್ರೆಯನ್ನೇ ಬಿಡಬಹುದು ಅಂತಲೂ ಹೇಳಿದರು. ನಮ್ಮನೆಯವರು, "ನಿನಗೆ ಬೇಕಿರೋದು ಕೋಚ್ ಅಲ್ಲ, ಶಿಸ್ತು. ದಿನಾ ನಾನೇ ನೆನಪು ಮಾಡ್ತೀನಿ ಬಿಡು" ಅನ್ನುತ್ತಾರೆ. ಅವರು ನೆನಪು ಮಾಡಿದಾಗಲೆಲ್ಲ ಜಗಳವಾಗುತ್ತದೆ. ಈ ಕೋಚಿಂಗ್ ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ? ಇಷ್ಟು ದುಡ್ಡು ಕೊಡಬಹುದೇ?

ಉತ್ತರ: ನೀವು ಕೇಳಿರುವುದು ಕೋಚ್ ಬಗ್ಗೆ. ಪತ್ರದ ಒಳಗೆ ಇನ್ನೊಂದು ಅಳುಕೂ ಇದೆ: ಮಾತ್ರೆ ತೆಗೆದುಕೊಂಡ ಮೇಲೂ ಇಷ್ಟು ಸಣ್ಣ ಕೆಲಸ ಆಗುತ್ತಿಲ್ಲ ಎಂದರೆ ಮನೆಯವರು ಹೇಳುವುದೇ ಸರಿಯೇನೋ, ನಾನು ಸೋಮಾರಿಯೇ ಏನೋ ಎಂಬುದು. ಮೊದಲು ಅದನ್ನು ನೋಡೋಣ. ಅದು ತಿಳಿಯಾದರೆ 48,000 ರೂಪಾಯಿಯ ಪ್ರಶ್ನೆ ಅರ್ಧ ಬಗೆಹರಿದಂತೆ.

ಸೋಮಾರಿಗೆ ಕೆಲಸ ಉಳಿದರೂ ನೆಮ್ಮದಿ ಕೆಡುವುದಿಲ್ಲ. ಎಡಿಎಚ್‌ಡಿ ಇರುವವರು ಮಾಡದ ಕೆಲಸದ ಭಾರವನ್ನು ದಿನವಿಡೀ ಹೊತ್ತು ತಿರುಗುತ್ತಾರೆ. ಏನು ಮಾಡಬೇಕೆಂದು ಗೊತ್ತು, ಹೇಗೆ ಮಾಡಬೇಕೆಂದೂ ಗೊತ್ತು, ಮನಸ್ಸೂ ಇದೆ. ಆದರೂ ಕೈ ಏಳುವುದಿಲ್ಲ. ತೊಂದರೆ ಇರುವುದು ತಿಳಿವಳಿಕೆಗೂ ಕೈಗೂ ನಡುವಿನ ದಾರಿಯಲ್ಲಿ. ಕೆಲಸವನ್ನು ಶುರು ಮಾಡುವುದು, ಅರ್ಧದಲ್ಲಿ ಬೇರೆ ವಿಷಯ ಬಂದಾಗ ಮೊದಲಿನದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಇನ್ನೆಷ್ಟು ಹೊತ್ತು ಇದೆ ಎಂದು ಅಂದಾಜು ಮಾಡುವುದು, ಬೇಸರ ಬಂದರೂ ಕೊನೆಯವರೆಗೆ ಎಳೆಯುವುದು, ಇವೆಲ್ಲ ಮಿದುಳಿನ ಮುಂಭಾಗ ಮತ್ತು ಅದಕ್ಕೆ ಜೋಡಿಸಿಕೊಂಡ ಜಾಲಗಳ ಕೆಲಸ. ಎಡಿಎಚ್‌ಡಿಯಲ್ಲಿ ಈ ಜಾಲ ಆಸಕ್ತಿ, ಹೊಸತನ, ತುರ್ತು ಇದ್ದಾಗ ಚುರುಕಾಗುತ್ತದೆ. ಒಂದು ಕೆಲಸ ಬರೀ ಮುಖ್ಯ ಎನ್ನುವ ಕಾರಣಕ್ಕೆ ಅದು ಚುರುಕಾಗುವುದಿಲ್ಲ. ಫೀಸಿನ ಕೊನೆಯ ದಿನ ರಾತ್ರಿ 11 ಗಂಟೆಗೆ ಹತ್ತು ನಿಮಿಷದಲ್ಲಿ ಕಟ್ಟಿ ಮುಗಿಸುವ ನಿಮಗೆ ಹಿಂದಿನ ಇಪ್ಪತ್ತು ದಿನ ಅದು ಆಗದಿದ್ದುದಕ್ಕೆ ಕಾರಣ ಇದೇ. "ಬೇಕಾದಾಗ ಮಾಡ್ತಾಳೆ, ಬೇಡವಾದಾಗ ಇಲ್ಲ" ಎಂದು ಮನೆಯವರಿಗೆ ಕಾಣುವುದೂ ಇದೇ ಕಾರಣಕ್ಕೆ.

ಕಾಲದ ಅರಿವೂ ಹಾಗೆಯೇ. ಈ ಮಿದುಳಿನ ಗಡಿಯಾರದಲ್ಲಿ ಎರಡೇ ಹೊತ್ತು: ಈಗ ಮತ್ತು ಆಮೇಲೆ. ಫೀಸು ಕಟ್ಟಬೇಕಾದ ಮುಂದಿನ 10ನೇ ತಾರೀಕು ಕೂಡ "ಆಮೇಲೆ", ಮುಂದಿನ ವರ್ಷವೂ "ಆಮೇಲೆ". 10ನೇ ತಾರೀಕು ಥಟ್ಟನೆ "ಈಗ" ಆಗಿಬಿಟ್ಟಾಗ ದಂಡ ಕಟ್ಟುವ ಹೊತ್ತು ಬಂದಿರುತ್ತದೆ.

"ಇದು ಮಕ್ಕಳಿಗೆ ಬರುವುದು", "ಮೊಬೈಲ್ ನೋಡಿ ನೋಡಿ ಬಂದದ್ದು", "ಎಂಜಿನಿಯರಿಂಗ್ ಪಾಸಾದವರಿಗೆ ಹೇಗೆ ಇರುತ್ತೆ" ಎಂಬ ಮಾತುಗಳನ್ನು ನೀವು ಕೇಳಿರುತ್ತೀರಿ. ವಯಸ್ಕರಲ್ಲಿ ನೂರಕ್ಕೆ ಸುಮಾರು ಎರಡೂವರೆಯಿಂದ ಮೂರು ಮಂದಿಗೆ ಇದು ಇರುತ್ತದೆ. ರೀಲ್ಸ್ ನೋಡುವುದರಿಂದ ಯಾರ ಗಮನವಾದರೂ ಚದುರುತ್ತದೆ, ಆದರೆ ಎಡಿಎಚ್‌ಡಿ ಎನ್ನಬೇಕಾದರೆ 12 ವರ್ಷಕ್ಕೆ ಮೊದಲೇ ಲಕ್ಷಣಗಳು ಇರಬೇಕು, ಮನೆ, ಶಾಲೆ, ಕೆಲಸ ಹೀಗೆ ಕನಿಷ್ಠ ಎರಡು ಕಡೆ ತೊಂದರೆ ಕೊಟ್ಟಿರಬೇಕು. ಮನೋವೈದ್ಯರು ಬಳಸುವ 2013ರ ಮಾನದಂಡದಲ್ಲಿ 17 ವರ್ಷ ತುಂಬಿದವರಿಗೆ ಗಮನ ಚದುರುವ ಒಂಬತ್ತು ಲಕ್ಷಣಗಳಲ್ಲಿ, ಇಲ್ಲವೇ ಚಡಪಡಿಕೆ-ಆತುರದ ಒಂಬತ್ತರಲ್ಲಿ ಐದಾದರೂ ಇರಬೇಕು. ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾಲು ಶೇಕಡಾ 70ಕ್ಕೂ ಹೆಚ್ಚು. ಹಾಗಾಗಿ ಮಗನಿಗೆ ಗೊತ್ತಾಗಿ, ಅದರ ಹಿಂದೆಯೇ ಅಮ್ಮನಿಗೋ ಅಪ್ಪನಿಗೋ ಗೊತ್ತಾಗುವುದು ನಮಗೆ ದಿನನಿತ್ಯದ ಮಾತು. ಹೆಣ್ಣುಮಕ್ಕಳಲ್ಲಿ ಓಡಾಟ, ಗಲಾಟೆಗಿಂತ ಮರೆವು ಮತ್ತು ಕನಸು ಕಾಣುವ ಬಗೆ ಹೆಚ್ಚು. ಶಾಲೆಯಲ್ಲಿ "ಒಳ್ಳೆಯ ಹುಡುಗಿ, ಸ್ವಲ್ಪ ಮೈಮರೆವು" ಎನ್ನಿಸಿಕೊಂಡು ದಾಟಿಬಿಡುತ್ತಾರೆ. ಮದುವೆ, ಮಗು, ಕೆಲಸ ಮೂರೂ ಒಟ್ಟಿಗೆ ತಲೆಯ ಮೇಲೆ ಬಂದಾಗ ಬುದ್ಧಿವಂತಿಕೆಯಿಂದ ಮುಚ್ಚಿಕೊಂಡಿದ್ದದ್ದು ಹೊರಗೆ ಬರುತ್ತದೆ.

ಮೊದಲು ಮಾತ್ರೆಯ ಹೊತ್ತು ನೋಡಿ

ಕೋಚ್‌ಗೆ ಒಂದು ರೂಪಾಯಿ ಕೊಡುವ ಮುಂಚೆ ನಿಮ್ಮ ಮನೋವೈದ್ಯರ ಹತ್ತಿರ ಒಂದು ವಿಷಯ ಕೇಳಿ. ಸಾಮಾನ್ಯ ಮೀಥೈಲ್‌ಫೆನಿಡೇಟ್ ಮಾತ್ರೆ ಕೆಲಸ ಮಾಡುವುದು ಸುಮಾರು ಮೂರರಿಂದ ನಾಲ್ಕು ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಬಗೆ, ಕಂಪನಿ ಯಾವುದು ಎನ್ನುವುದರ ಮೇಲೆ, ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು. ಬೆಳಿಗ್ಗೆ ಎಂಟೂವರೆಗೆ ತೆಗೆದುಕೊಂಡ ಸಾಮಾನ್ಯ ಮಾತ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದಿರುತ್ತದೆ. ನಿಮ್ಮ ಪತ್ರದಲ್ಲಿ ಸರಿಯಾಗಿರುವುದು ಬೆಳಗಿನ ಕೆಲಸ. ಟೈಮ್‌ಶೀಟ್, ಬಟ್ಟೆ, ಫೀಸು ಎಲ್ಲವೂ ಸಂಜೆಯವು. ಮಾತ್ರೆ ಸೋತಿಲ್ಲ, ಸಂಜೆಗೆ ಅದು ಇಲ್ಲವೇ ಇಲ್ಲ ಎನ್ನುವ ಸಾಧ್ಯತೆ ದೊಡ್ಡದಾಗಿಯೇ ಇದೆ. ಎರಡನೆಯ ಡೋಸ್, ಬೇರೆ ಬಗೆಯ ಮಾತ್ರೆ, ಅಥವಾ ಮನೆಯ ಲೆಕ್ಕಪತ್ರದ ಕೆಲಸವನ್ನೇ ಬೆಳಿಗ್ಗೆಗೆ ತರುವುದು, ಇವುಗಳಲ್ಲಿ ಯಾವುದು ಸರಿ ಎಂಬುದನ್ನು ನಿಮ್ಮ ನಿದ್ದೆ, ಹಸಿವು, ನಾಡಿಬಡಿತ, ಬಿಪಿ ನೋಡಿ ಅವರು ಹೇಳುತ್ತಾರೆ. ನೀವಾಗಿಯೇ ಸಂಜೆಗೆ ಒಂದು ಸೇರಿಸಿಕೊಳ್ಳಬೇಡಿ. ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ಗಮನ ಇನ್ನೂ ಕೆಡುತ್ತದೆ.

ಇನ್ನೊಂದು ಮಾತು. ಈ ಔಷಧ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲ್ ಶಾಪಿನವರು ಇಟ್ಟುಕೊಳ್ಳುತ್ತಾರೆ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮರೆವಿನ ಕಾಯಿಲೆಗೆ ಕೊಡುವ ಮಾತ್ರೆಯನ್ನು ಮರೆಯದೆ ತರಿಸಿಕೊಳ್ಳುವುದೇ ಒಂದು ದೊಡ್ಡ ಕೆಲಸ. ನಡುನಡುವೆ ನಾಲ್ಕು ದಿನ, ಐದು ದಿನ ಮಾತ್ರೆ ಇಲ್ಲದೆ ಹೋಗಿದ್ದರೆ "ಮಾತ್ರೆ ಹಿಡಿಯುತ್ತಿಲ್ಲ" ಎಂದು ಅನ್ನಿಸುವುದು ಸಹಜ. ಹೊಸ ಸ್ಟ್ರಿಪ್‌ನಲ್ಲಿ ಕೊನೆಯ ಏಳು ಮಾತ್ರೆಗಳ ಹಿಂಬದಿಗೆ ಕೆಂಪು ಟೇಪ್ ಅಂಟಿಸಿ. ಟೇಪ್ ಮುಟ್ಟಿದ ದಿನವೇ ಡಾಕ್ಟರ ಅಪಾಯಿಂಟ್‌ಮೆಂಟ್.

ನಿದ್ದೆಯಲ್ಲಿ ಗೊರಕೆ, ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ಖಿನ್ನತೆ, ಇವೂ ಗಮನವನ್ನು ತಿನ್ನುತ್ತವೆ. ಎಡಿಎಚ್‌ಡಿ ಇದ್ದವರಿಗೆ ಇವು ಜೊತೆಗೂ ಬರಬಹುದು. ಒಂದು ರಕ್ತಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ.

ಕೋಚ್ ಮಾಡುವುದೇನು

ಕೋಚಿಂಗ್ ಅಂದ ಕೂಡಲೇ ನಮ್ಮಲ್ಲಿ ನೀಟ್, ಸಿಇಟಿ ಕ್ಲಾಸು ಕಣ್ಣ ಮುಂದೆ ಬರುತ್ತದೆ. ಇದು ಆ ಬಗೆಯದಲ್ಲ. ಇಲ್ಲಿ ಪಾಠ ಕಡಿಮೆ, ನಿಮಗೆ ಗೊತ್ತಿರುವುದನ್ನೇ ಮಾಡಿಸುವ ಏರ್ಪಾಡು ಹೆಚ್ಚು. ಆಪ್ತಸಮಾಲೋಚನೆಗಿಂತಲೂ ಬೇರೆ: ಬಾಲ್ಯದ ನೋವು, ದಾಂಪತ್ಯದ ಬಿಕ್ಕಟ್ಟು, ಖಿನ್ನತೆ ಕೋಚ್‌ನ ಕ್ಷೇತ್ರವಲ್ಲ.

ಸರಿಯಾಗಿ ನಡೆಯುವ ಕೋಚಿಂಗ್ ಹೀಗಿರುತ್ತದೆ. ಮೊದಲ ಸಲ ಒಂದರಿಂದ ಒಂದೂವರೆ ಗಂಟೆ ಕೂತು ನಿಮ್ಮ ವಾರ ಹೇಗೆ ಸಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಕೇಳುತ್ತಾರೆ. ಆಮೇಲೆ ವಾರಕ್ಕೊಮ್ಮೆ 30ರಿಂದ 45 ನಿಮಿಷ. ನಡುವೆ ಒಂದೆರಡು ಸಲ ವಾಟ್ಸ್ಯಾಪ್‌ನಲ್ಲಿ ಚಿಕ್ಕ ಸಂದೇಶ: "ಬುಧವಾರದ ಫೋನ್ ಮಾಡಿದಿರಾ?" ಹೀಗೆ 10-12 ವಾರ. ಪ್ರತಿ ಸೆಷನ್‌ನಲ್ಲಿ ಹೋದ ವಾರ ಒಪ್ಪಿಕೊಂಡದ್ದು ಏನಾಯಿತು ಎಂದು ನೋಡುತ್ತಾರೆ. ಆಗಿಲ್ಲದಿದ್ದರೆ "ಯಾಕೆ ಮಾಡಲಿಲ್ಲ" ಎಂದು ಕೇಳುವ ಬದಲು "ಯಾವ ನಿಮಿಷದಲ್ಲಿ ಕೈತಪ್ಪಿತು" ಎಂದು ಹುಡುಕುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ. ಮೊದಲ ಪ್ರಶ್ನೆಗೆ ನಿಮ್ಮ ಹತ್ತಿರ ಇರುವ ಉತ್ತರ ನಾಚಿಕೆ ಮಾತ್ರ. ಎರಡನೆಯದಕ್ಕೆ ಉತ್ತರ ಸಿಕ್ಕಿದರೆ ಅಲ್ಲಿಯೇ ಏನಾದರೂ ಬದಲಾಯಿಸಬಹುದು.

ನಿಮ್ಮ ಸ್ಕೂಲ್ ಫೀಸನ್ನೇ ತೆಗೆದುಕೊಳ್ಳಿ. ಬಹುತೇಕರಿಗೆ ಇದು ನೆನಪಾಗುವುದು ಸ್ನಾನ ಮಾಡುವಾಗ, ಸ್ಕೂಟರ್ ಓಡಿಸುವಾಗ, ಒಲೆಯ ಮುಂದೆ. ಕೈಯಲ್ಲಿ ಫೋನ್ ಇರುವಾಗ ನೆನಪಾಗುವುದಿಲ್ಲ. "10ನೇ ತಾರೀಕು ಫೀಸು" ಎಂಬ ಅಲಾರಾಂ ಮೀಟಿಂಗ್ ನಡುವೆ ಬಡಿಯುತ್ತದೆ, ನೀವು ಆಫ್ ಮಾಡುತ್ತೀರಿ, ಅಲ್ಲಿಗೆ ಮುಗಿಯಿತು. ಅಲಾರಾಂ ತಪ್ಪಾದ ಹೊತ್ತಿನಲ್ಲಿ, ತಪ್ಪಾದ ಜಾಗದಲ್ಲಿ ಬಂತು. ಒಳ್ಳೆಯ ಕೋಚ್ ಇದನ್ನು ಹೀಗೆ ಬದಲಾಯಿಸಿಯಾರು: ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹತ್ತು ಗಂಟೆ, ಮಾತ್ರೆ ಕೆಲಸ ಮಾಡುತ್ತಿರುವಾಗ, ಊಟದ ಟೇಬಲ್, ಕಾಫಿ, ಲ್ಯಾಪ್‌ಟಾಪ್, ಆ ಅರ್ಧ ಗಂಟೆಯಲ್ಲಿ ತಿಂಗಳ ಎಲ್ಲ ಪಾವತಿ. ಅಲಾರಾಂನ ಹೆಸರು "ಫೀಸು" ಅಲ್ಲ, "ಲ್ಯಾಪ್‌ಟಾಪ್ ತೆರೆದು ಸ್ಕೂಲ್ ಪೋರ್ಟಲ್‌ಗೆ ಹೋಗು" ಎಂದು. ಕೆಲಸದ ಹೆಸರು ಮಿದುಳನ್ನು ಹೆದರಿಸುತ್ತದೆ, ಮೊದಲ ಚಲನೆ ಹೆದರಿಸುವುದಿಲ್ಲ. ಕರೆಂಟ್ ಬಿಲ್ಲು, ಇನ್ಶೂರೆನ್ಸ್ ಪ್ರೀಮಿಯಂ, ಇಂಟರ್ನೆಟ್ಟು, ಇವಕ್ಕೆ ಆಟೊ ಡೆಬಿಟ್ ಹಾಕಿ ನೆನಪಿನ ಪಟ್ಟಿಯಿಂದಲೇ ತೆಗೆದುಹಾಕಬೇಕು. ಆ ಖಾತೆಯಲ್ಲಿ ಸದಾ ಒಂದಿಷ್ಟು ಹಣ ಇರಬೇಕು, ಇಲ್ಲದಿದ್ದರೆ ಡೆಬಿಟ್ ವಾಪಸಾಗಿ ಅದಕ್ಕೂ ದಂಡ ಬೀಳುತ್ತದೆ. ಅಂದ ಹಾಗೆ, ಲ್ಯಾಪ್ಸ್ ಆದದ್ದು ಜೀವವಿಮೆಯ ಪಾಲಿಸಿಯಾದರೆ ಅದನ್ನು ಸಾಮಾನ್ಯವಾಗಿ ಐದು ವರ್ಷದೊಳಗೆ ಬಾಕಿ ಮತ್ತು ಬಡ್ಡಿ ಕಟ್ಟಿ ಮತ್ತೆ ಜೀವಂತ ಮಾಡಿಸಬಹುದು. ಹೋಯಿತು ಎಂದು ಕೈಬಿಡಬೇಡಿ.

ಟೈಮ್‌ಶೀಟಿಗೆ ಬೇರೆ ಮದ್ದು. ಅದು ಬೇಸರದ ಕೆಲಸ, ಒಬ್ಬರೇ ಕೂತರೆ ಶುರುವೇ ಆಗುವುದಿಲ್ಲ. ಇಂಥದಕ್ಕೆ ಜೊತೆಗೊಬ್ಬರು ಕೂರುವುದು ಅಚ್ಚರಿಯಾಗುವಷ್ಟು ಸಹಾಯ ಮಾಡುತ್ತದೆ. ಅವರು ನಿಮ್ಮ ಕೆಲಸ ನೋಡಬೇಕಿಲ್ಲ, ಮಾತಾಡಬೇಕಿಲ್ಲ, ತಮ್ಮ ಪಾಡಿಗೆ ತಮ್ಮ ಕೆಲಸ ಮಾಡಿದರೆ ಸಾಕು. ಶುಕ್ರವಾರ ನಾಲ್ಕು ಗಂಟೆಗೆ ಒಬ್ಬ ಸಹೋದ್ಯೋಗಿಯ ಜೊತೆ 20 ನಿಮಿಷದ ವಿಡಿಯೊ ಕರೆ ಹಾಕಿ, ಇಬ್ಬರೂ ಮೈಕ್ ಆಫ್ ಮಾಡಿ ತಂತಮ್ಮ ಟೈಮ್‌ಶೀಟ್ ತುಂಬಿ. ಹಳ್ಳಿಯ ಜಗಲಿಯ ಮೇಲೆ ನಾಲ್ಕು ಮಂದಿ ಹೆಂಗಸರು ಕೂತು ಅಕ್ಕಿ ಆರಿಸುತ್ತಿದ್ದುದರಲ್ಲಿ ಇದೇ ಗುಟ್ಟು ಇತ್ತು. ಎಲ್ಲರ ಕೈ ಓಡುತ್ತಿದ್ದರೆ ನಮ್ಮ ಕೈಯೂ ಓಡುತ್ತದೆ. ಬಟ್ಟೆ ಮಡಚುವುದಕ್ಕೂ ಇದೇ ಸಾಕು: ತಂಗಿಗೆ ಫೋನ್ ಹಚ್ಚಿದಾಗ ಮಾತ್ರ ಬಟ್ಟೆ ಮಡಚುವುದು ಎಂದು ಎರಡನ್ನೂ ಗಂಟು ಹಾಕಿ.

ಕಾಲದ ಅಂದಾಜಿಗೆ ಒಂದು ವಾರದ ಅಭ್ಯಾಸ ಇದೆ. ಐದು ಕೆಲಸ ಆರಿಸಿ. ಮಾಡುವ ಮುಂಚೆ "ಇಷ್ಟು ನಿಮಿಷ" ಎಂದು ಬರೆಯಿರಿ, ಮಾಡಿದ ಮೇಲೆ ನಿಜವಾಗಿ ಆದದ್ದನ್ನು ಬರೆಯಿರಿ. ಮಗನನ್ನು ಹೊರಡಿಸಲು 20 ನಿಮಿಷ ಎಂದುಕೊಂಡದ್ದು 45 ಆಗಿರಬಹುದು. ಆ ಅನುಪಾತ ನಿಮ್ಮದೇ. ಮುಂದೆ ಯಾವ ಅಂದಾಜನ್ನಾದರೂ ಅದರಿಂದ ಗುಣಿಸಿ. ಸ್ಕೂಲ್ ಬಸ್ 7:50ಕ್ಕೆ ಎಂದರೆ ಹಿಂದಕ್ಕೆ ಲೆಕ್ಕ ಹಾಕಿ: 7:45ಕ್ಕೆ ಗೇಟು, 7:35ಕ್ಕೆ ಶೂ, 7:15ಕ್ಕೆ ತಿಂಡಿ. ಬಚ್ಚಲಿನ ಹೊರಗೆ, ಅಡುಗೆಮನೆಯಲ್ಲಿ ಮುಳ್ಳಿನ ಗಡಿಯಾರ ಹಾಕಿ. ಅಂಕಿ ತೋರಿಸುವ ಗಡಿಯಾರದಲ್ಲಿ ಈಗಿನ ಹೊತ್ತು ಕಾಣುತ್ತದೆ. ಮುಳ್ಳಿನದರಲ್ಲಿ ಉಳಿದ ಹೊತ್ತು ಕಣ್ಣಿಗೆ ಕಾಣುತ್ತದೆ.

ಎಲ್ಲಿ ಕೆಡುತ್ತದೆ ಎಂಬುದೂ ಗೊತ್ತಿರಲಿ. ಯಾವ ಉಪಾಯವಾದರೂ ಎರಡು ಮೂರು ವಾರ ಚೆನ್ನಾಗಿ ನಡೆದು ನಿಂತುಬಿಡುತ್ತದೆ. ಹೊಸತನ ಹೋಯಿತು, ಗೋಡೆಯ ಮೇಲಿನ ಹಳದಿ ಚೀಟಿ ಗೋಡೆಯ ಭಾಗವೇ ಆಗಿಹೋಯಿತು, ಕಣ್ಣಿಗೆ ಬೀಳುವುದಿಲ್ಲ. ಬಹಳಷ್ಟು ಮಂದಿ ಇಲ್ಲಿ "ನನ್ನಿಂದ ಆಗದು" ಎಂದು ಪೂರ್ತಿ ಕೈಬಿಡುತ್ತಾರೆ. ಚೀಟಿಯ ಬಣ್ಣ, ಜಾಗ, ಅಲಾರಾಂನ ಸದ್ದು ಬದಲಾಯಿಸಿದರೆ ಮತ್ತೆ ಕೆಲವು ವಾರ ನಡೆಯುತ್ತದೆ. ಹೀಗೆ ಬದಲಾಯಿಸುತ್ತಲೇ ಇರಬೇಕು ಎಂದು ಮೊದಲ ದಿನವೇ ಹೇಳುವವರು ಅನುಭವಸ್ಥ ಕೋಚ್. ಇನ್ನೊಂದು ಸಾಮಾನ್ಯ ಎಡವಟ್ಟು, ಒಂದೇ ವಾರದಲ್ಲಿ ನಾಲ್ಕು ಆ್ಯಪ್, ಎರಡು ಡೈರಿ, 23 ಕೆಲಸಗಳ ಪಟ್ಟಿ. ಒಂದು ನೋಟ್‌ಬುಕ್, ಒಂದು ಕ್ಯಾಲೆಂಡರ್, ದಿನಕ್ಕೆ ಮೂರು ಕೆಲಸ. ಅಷ್ಟು ಸಾಕು.

ಇದಕ್ಕೆ ಆಧಾರ ಎಷ್ಟು ಗಟ್ಟಿ

ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಅತಿ ಗಟ್ಟಿಯಾದ ಪುರಾವೆ ಇರುವುದು ಔಷಧಗಳಿಗೆ. ಅದರ ನಂತರ ಎಡಿಎಚ್‌ಡಿಗೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆಗೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 86 ವಯಸ್ಕರಿದ್ದರು, ಎಲ್ಲರೂ ನಿಮ್ಮ ಹಾಗೆಯೇ ಮಾತ್ರೆ ತೆಗೆದುಕೊಂಡೂ ಲಕ್ಷಣಗಳು ಉಳಿದವರು. 12 ಸೆಷನ್ ಸಿಬಿಟಿ ಪಡೆದವರು, ಬರೀ ವಿಶ್ರಾಂತಿ ತರಬೇತಿ ಮತ್ತು ಮಾಹಿತಿ ಪಡೆದವರಿಗಿಂತ ಹೆಚ್ಚು ಸುಧಾರಿಸಿದರು. ಅದೇ ವರ್ಷ 88 ಮಂದಿಯ ಮೇಲೆ ನಡೆದ, ಹೊತ್ತು ಮತ್ತು ಕೆಲಸದ ಜೋಡಣೆಯನ್ನು ಗುಂಪಿನಲ್ಲಿ ಕಲಿಸುವ 12 ವಾರದ ಚಿಕಿತ್ಸೆಯ ಅಧ್ಯಯನವೂ ಇಂಥದೇ ಫಲ ತೋರಿಸಿತು. ಕೋಚಿಂಗ್ ಬಗ್ಗೆ ಇರುವ ಅಧ್ಯಯನಗಳು ಚಿಕ್ಕವು, ಹೆಚ್ಚಿನವು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ. ಫಲ ಒಳ್ಳೆಯ ದಿಕ್ಕಿನಲ್ಲೇ ಇದೆ, ಆದರೆ ಔಷಧದಷ್ಟು ನೆಚ್ಚಿಕೊಳ್ಳುವಷ್ಟಿಲ್ಲ. ಒಳ್ಳೆಯ ಕೋಚ್ ಮಾಡುವ ಅರ್ಧದಷ್ಟು ಕೆಲಸ ಈ ಸಿಬಿಟಿಯಲ್ಲೂ ಇದೆ ಎನ್ನುವುದನ್ನು ನೆನಪಿಡಿ. ನಿಮ್ಮ ಆಸ್ಪತ್ರೆಯಲ್ಲೇ ಇದನ್ನು ಬಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದರೆ ನನ್ನ ಮೊದಲ ಆಯ್ಕೆ ಅವರು.

ಆ ಕೋಚ್ ಹೇಳಿದ ಮಾತಿನಲ್ಲಿ ನನಗೆ ಎಚ್ಚರಿಕೆಯ ಗಂಟೆ ಹೊಡೆದದ್ದು "ಮಾತ್ರೆ ಬಿಡಬಹುದು" ಎಂಬುದು. ಮಾತ್ರೆ ಶುರು ಮಾಡುವುದು, ಬಿಡುವುದು, ಬದಲಾಯಿಸುವುದು ಕೋಚ್‌ಗೆ ಸೇರಿದ್ದೇ ಅಲ್ಲ. ಕಾಲಕ್ರಮದಲ್ಲಿ ಡೋಸ್ ತಗ್ಗಿಸಿದವರು, ಬಿಟ್ಟವರು ಇದ್ದಾರೆ. ಆದರೆ ಅದನ್ನು ವೈದ್ಯರು ನೋಡಿ ತೀರ್ಮಾನಿಸುತ್ತಾರೆ. ದುಡ್ಡು ತೆಗೆದುಕೊಳ್ಳುವ ಮುಂಚೆಯೇ, ನಿಮ್ಮನ್ನು ಪರೀಕ್ಷಿಸದೆಯೇ, ವಾರಗಳ ಲೆಕ್ಕ ಹಾಕಿ ಹೇಳುವವರ ಹತ್ತಿರ ನಾನು ಯಾರನ್ನೂ ಕಳಿಸುವುದಿಲ್ಲ.

ಭಾರತದಲ್ಲಿ "ಎಡಿಎಚ್‌ಡಿ ಕೋಚ್" ಎಂದು ಬೋರ್ಡು ಹಾಕಲು ಯಾವ ಪರವಾನಗಿಯೂ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು, ಅವರಿಗೊಂದು ನೋಂದಣಿ ಸಂಖ್ಯೆ ಇರುತ್ತದೆ, ಕೇಳಬಹುದು. ಕೋಚ್‌ಗಳಲ್ಲಿ ಕೆಲವರು ಐಸಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ತೋರಿಸುತ್ತಾರೆ. ಅದರ ಮೊದಲ ಹಂತ ಎಸಿಸಿಗೆ 100 ಗಂಟೆ, ಅದರ ಮೇಲಿನ ಪಿಸಿಸಿಗೆ 500 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಅದು ಎಲ್ಲ ಬಗೆಯ ಕೋಚಿಂಗ್‌ಗೂ ಕೊಡುವ ಪ್ರಮಾಣಪತ್ರ, ಎಡಿಎಚ್‌ಡಿಯ ತಿಳಿವಳಿಕೆ ಇದೆ ಎಂದು ಅದರಿಂದ ಗೊತ್ತಾಗುವುದಿಲ್ಲ. "ನನಗೂ ಎಡಿಎಚ್‌ಡಿ ಇದೆ" ಎನ್ನುವ ಕೋಚ್‌ಗೆ ನಿಮ್ಮ ಕಷ್ಟ ಬೇಗ ಅರ್ಥವಾಗಬಹುದು, ಒಳ್ಳೆಯದೇ, ಆದರೆ ಅದೊಂದೇ ಅರ್ಹತೆಯಾಗದು.

ಹಣ ಕೊಡುವ ಮುಂಚೆ ಕೇಳಿ: ಎಡಿಎಚ್‌ಡಿ ಬಗ್ಗೆ ಎಲ್ಲಿ, ಎಷ್ಟು ಗಂಟೆ ತರಬೇತಿ ಆಗಿದೆ? ಯಾವ ಲಕ್ಷಣ ಕಂಡರೆ ನನ್ನನ್ನು ವೈದ್ಯರ ಹತ್ತಿರ ಕಳಿಸುತ್ತೀರಿ? ನಾನು ಸೆಷನ್ ಮರೆತರೆ ಏನು? ನನ್ನ ಮಾಹಿತಿ ಯಾರ ಹತ್ತಿರ ಇರುತ್ತದೆ? ಎರಡನೆಯ ಪ್ರಶ್ನೆಗೆ ತಡವರಿಸಿದರೆ ಅಲ್ಲಿಗೆ ಬಿಡಿ. ಫೋನಿನಲ್ಲಿ ಆರು ಪ್ರಶ್ನೆ ಕೇಳಿ "ನಿಮಗೆ ಎಡಿಎಚ್‌ಡಿ ಖಂಡಿತ" ಎನ್ನುವವರಿಂದಲೂ ದೂರ ಇರಿ. ಆ ಆರು ಪ್ರಶ್ನೆಗಳ ಪಟ್ಟಿ ಮುಂದಿನ ಪರೀಕ್ಷೆ ಬೇಕೇ ಎಂದು ತಿಳಿಯಲು ಮಾಡಿದ್ದು, ಅದರಿಂದಲೇ ರೋಗನಿರ್ಣಯ ಮಾಡುವಂತಿಲ್ಲ. ಮಾಹಿತಿಯ ವಿಷಯ ಹಗುರವಾಗಿ ಬಿಡಬೇಡಿ. ನಿಮ್ಮ ಗುಟ್ಟು ಕಾಯುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಕೊಡುವವರ ಮೇಲೆ ಹೊರಿಸಿದೆ. ಪರವಾನಗಿಯೇ ಇಲ್ಲದ ಕೋಚ್ ಜೊತೆ ಇರುವುದು ನೀವಿಬ್ಬರು ಬರೆದುಕೊಂಡ ಒಪ್ಪಂದ ಮಾತ್ರ. ಆಫೀಸಿನವರೇ ದುಡ್ಡು ಕೊಟ್ಟು ಕೋಚ್ ಕೊಡಿಸಿದರೆ ಎಚ್‌ಆರ್‌ಗೆ ಏನು ತಲುಪುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಆಫೀಸಿನಲ್ಲಿ ಹೇಳಬೇಕೇ ಎಂಬುದನ್ನು ನಿಮ್ಮ ಮ್ಯಾನೇಜರ್ ಎಂಥವರು ಎಂದು ನೋಡಿ ನಿರ್ಧರಿಸಿ. ಕಾಯಿಲೆಯ ಹೆಸರು ಹೇಳದೆಯೇ "ಕೆಲಸಗಳನ್ನು ಮೇಲ್‌ನಲ್ಲಿ ಬರೆದು ಕಳಿಸಿ" ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ.

ಗಂಡ ಕೋಚ್ ಆಗಬಹುದೇ

ನಿಮ್ಮ ಮನೆಯವರ ಕಾಳಜಿ ನಿಜವಾದದ್ದೇ. ಆದರೂ ಅವರು ಈ ಕೆಲಸಕ್ಕೆ ಬೇಡ. ಗಂಡ ದಿನಾ ನೆನಪಿಸುವ, ಹೆಂಡತಿ ದಿನಾ ಉತ್ತರ ಹೇಳುವ ಏರ್ಪಾಡು ಆರು ತಿಂಗಳಲ್ಲಿ ಮೇಷ್ಟ್ರು-ವಿದ್ಯಾರ್ಥಿ ಸಂಬಂಧವಾಗುತ್ತದೆ. ಅವರು "ಫೀಸ್ ಕಟ್ಟಿದ್ಯಾ?" ಎಂದು ಸಹಜವಾಗಿ ಕೇಳಿದರೂ ನಿಮ್ಮ ಕಿವಿಗೆ ಮೂವತ್ತು ವರ್ಷದ ಬೈಗುಳವೆಲ್ಲ ಕೇಳಿಸುತ್ತದೆ. ಸಿಟ್ಟು ಬರುತ್ತದೆ. ಎಡಿಎಚ್‌ಡಿಯಲ್ಲಿ ಸಿಟ್ಟು, ಅಳು ಬೇಗ ಏರುತ್ತವೆ, ಇಳಿಯಲು ಹೊತ್ತು ಬೇಕು. ಫೀಸಿನ ಮಾತು ಹಿಂದೆ ಬಿದ್ದು ಜಗಳದ ಮಾತು ಮುಂದೆ ಬರುತ್ತದೆ. ಹೊರಗಿನ ಒಬ್ಬರಿಗೆ ಹಣ ಕೊಟ್ಟು ಕೇಳಿಸಿಕೊಳ್ಳುವುದರಲ್ಲಿ ಇರುವ ನಿಜವಾದ ಲಾಭ ಇದೇ: ಅವರ ಪ್ರಶ್ನೆಯಲ್ಲಿ ಹಳೆಯ ಲೆಕ್ಕ ಇರುವುದಿಲ್ಲ.

ಅವರು ಮಾಡಬಹುದಾದದ್ದು ಬೇರೆ ಇದೆ. ಶನಿವಾರದ ಆ ಅರ್ಧ ಗಂಟೆ ಮಗನನ್ನು ಹೊರಗೆ ಕರೆದೊಯ್ಯಲಿ. ನಿಮಗೆ ತೀರ ಆಗದ ಎರಡು ಕೆಲಸ ಅವರ ಹೆಸರಿಗೆ ಹೋಗಲಿ, ಅವರಿಗೆ ಆಗದ ಎರಡು ನಿಮ್ಮದಾಗಲಿ. ಭಾನುವಾರ ಸಂಜೆ 15 ನಿಮಿಷ ಇಬ್ಬರೂ ಕ್ಯಾಲೆಂಡರ್ ಮುಂದೆ ಕೂರಿ, ಆ 15 ನಿಮಿಷ ಬಿಟ್ಟರೆ ವಾರದ ನಡುವೆ ನೆನಪಿಸುವುದು ಬೇಡ ಎಂದು ಒಪ್ಪಿಕೊಳ್ಳಿ. ನಿಮ್ಮ ಮನೋವೈದ್ಯರ ಹತ್ತಿರ ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದ ಕೇಳಿದ ಅದೇ ಮಾತು ಬೇರೆ ರೀತಿ ಒಳಗೆ ಇಳಿಯುತ್ತದೆ.

ದುಡ್ಡಿನ ಲೆಕ್ಕ

48,000ವನ್ನು 12 ವಾರಕ್ಕೆ ಹಂಚಿದರೆ ಒಂದು ಸೆಷನ್ನಿಗೆ 4,000. ಪೂರ್ತಿ ಮುಂಗಡ ಕೊಡಬೇಡಿ. ಮೂರರಿಂದ ಐದನೆಯ ವಾರದ ನಡುವೆ ಹೊಸತನ ಮುಗಿದು, ಒಂದು ಸೆಷನ್ ತಪ್ಪಿ, ನಾಚಿಕೆಯಿಂದ ಮುಂದಿನದಕ್ಕೂ ಹೋಗದೆ ಉಳಿಯುವವರು ಬಹಳ. ಆಗ ಕೊಟ್ಟ ದುಡ್ಡು ಇನ್ನೊಂದು ಅಪರಾಧಭಾವವಾಗಿ ಉಳಿಯುತ್ತದೆ. ನಾಲ್ಕು ಸೆಷನ್ನಿಗೆ ಮಾತ್ರ ಕೊಡುತ್ತೇನೆ, ಆಮೇಲೆ ನೋಡೋಣ ಎಂದು ಹೇಳಿ. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ.

ಈ ನಾಲ್ಕು ಸೆಷನ್ನಿಗೂ ಕೈಯಲ್ಲಿ ಹಣ ಇಲ್ಲದವರಿಗೆ: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ, ಜಿಲ್ಲಾ ಆಸ್ಪತ್ರೆ, ಇಲ್ಲಿ ಪರೀಕ್ಷೆ ಮತ್ತು ಸಲಹೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಸರತಿ ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಎಲ್ಲಿಗೆ ಹೋಗಬೇಕು ಎಂದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ-ಮಾನಸ್, ಕನ್ನಡದಲ್ಲಿ ಉಚಿತವಾಗಿ ಮಾತಾಡುತ್ತಾರೆ. ಕೋಚ್ ಬದಲಿಗೆ ಒಬ್ಬ ಜೊತೆಗಾರರನ್ನೂ ಮಾಡಿಕೊಳ್ಳಬಹುದು, ಗಂಡ, ಅತ್ತೆ, ಅಮ್ಮ ಬಿಟ್ಟು. ಹಳೆಯ ಗೆಳತಿ, ಸಹೋದ್ಯೋಗಿ, ಯಾರಾದರೂ ಸರಿ. ವಾರಕ್ಕೆ ಎರಡು ಸಲ, 15 ನಿಮಿಷ. ಸೋಮವಾರ ಇಬ್ಬರೂ ಒಂದೊಂದು ವಾಕ್ಯ ಹೇಳಿ: "ಬುಧವಾರ ಊಟ ಮುಗಿಸಿ ತಟ್ಟೆ ಇಟ್ಟ ಕೂಡಲೇ ಪಾಲಿಸಿ ಕಚೇರಿಗೆ ಫೋನ್ ಮಾಡುತ್ತೇನೆ." ಯಾವ ದಿನ, ಯಾವುದರ ಹಿಂದೆಯೇ, ಏನು ಎಂಬ ಮೂರೂ ಆ ವಾಕ್ಯದಲ್ಲಿರಬೇಕು. ಗುರುವಾರ ಆಯಿತೋ ಇಲ್ಲವೋ ಎಂದು ಕೇಳಿಕೊಳ್ಳಿ. ಆಗಿಲ್ಲದಿದ್ದರೆ ವಿವರಣೆ ಬೇಡ, ಹೊಸ ವಾಕ್ಯ.

ಕೋಚ್ ಆದರೂ ಗೆಳತಿಯಾದರೂ ಒಂದು ಗಡಿ ದಾಟುವ ಹಾಗಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲದೆ ಹೋದರೆ, ನಿದ್ದೆಯೇ ಬೇಡ ಎನ್ನಿಸುವಷ್ಟು ಹುರುಪು ಏರಿದರೆ, ಎದೆಬಡಿತ ಹೆಚ್ಚಿದರೆ, ಬದುಕು ಬೇಡ ಎನ್ನಿಸಿದರೆ, ಆ ದಿನವೇ ವೈದ್ಯರು. ಯೋಜನೆಯ ನೋಟ್‌ಬುಕ್ ಆಮೇಲೆ ನೋಡಬಹುದು.

ಕೊನೆಗೆ, ಫಲ ಸಿಗುತ್ತಿದೆಯೇ ಎಂದು ತಿಳಿಯುವ ಬಗೆ. "ಹಗುರ ಅನ್ನಿಸುತ್ತಿದೆ" ಎಂಬುದನ್ನು ನಂಬಬೇಡಿ, ಮೊದಲ ಎರಡು ವಾರ ಎಲ್ಲರಿಗೂ ಹಗುರ ಅನ್ನಿಸುತ್ತದೆ. ಈ ವಾರವೇ ಮೂರು ಸಂಖ್ಯೆ ಬರೆದಿಡಿ: ಕಳೆದ ನಾಲ್ಕು ಶುಕ್ರವಾರಗಳಲ್ಲಿ ಟೈಮ್‌ಶೀಟ್ ಎಷ್ಟು ಸಲ ತಡವಾಯಿತು, ಕಳೆದ ಮೂರು ತಿಂಗಳಲ್ಲಿ ದಂಡಕ್ಕೆಂದು ಎಷ್ಟು ರೂಪಾಯಿ ಹೋಯಿತು, ವಾರದಲ್ಲಿ ಎಷ್ಟು ಸಂಜೆ ಜಗಳವಾಯಿತು. ನಾಲ್ಕನೆಯ ಸೆಷನ್ ಮುಗಿದ ದಿನ ಟೈಮ್‌ಶೀಟ್ ಮತ್ತು ಜಗಳದ ಲೆಕ್ಕ ಮತ್ತೆ ಬರೆಯಿರಿ, ದಂಡದ ಲೆಕ್ಕಕ್ಕೆ ಮೂರು ತಿಂಗಳು ಕಾಯಿರಿ. ಟೈಮ್‌ಶೀಟ್, ಜಗಳ ಇವೆರಡರಲ್ಲಿ ಒಂದಾದರೂ ಇಳಿದಿದ್ದರೆ ಮುಂದಿನ ನಾಲ್ಕಕ್ಕೆ ಹಣ ಕೊಡಿ. ಎರಡೂ ಇಳಿದಿಲ್ಲದಿದ್ದರೆ ಆ ಕಾಗದವನ್ನು ತೆಗೆದುಕೊಂಡು ನಿಮ್ಮ ಮನೋವೈದ್ಯರ ಹತ್ತಿರ ಹೋಗಿ. ಸಂಜೆಯ ಮಾತ್ರೆ, ನಿದ್ದೆ, ರಕ್ತಪರೀಕ್ಷೆಯ ಮಾತನ್ನು ಅಲ್ಲಿಂದ ಮತ್ತೆ ಶುರು ಮಾಡಬೇಕಾಗುತ್ತದೆ.